ಯುಫು ಬೆಟ್ಟದಲ್ಲಿ ನಾನು ಕಟ್ಟಿದ ಕಲ್ಲಿನ ಮನೆ

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವನು ನಾನು. ಏರ್‌ಪೋರ್ಟ್ ಶುರುವಾದ ಹೊಸದರಲ್ಲಿ ನಮ್ಮ ದೇವನಹಳ್ಳಿ ಕಡೆ ಇಂಥ ಕಥೆಗಳಿಗೇನೂ ಕೊರತೆಯಿರಲಿಲ್ಲ. ದೊಡ್ಡ ರಸ್ತೆ ಬಂತು, ಅದರ ಹಿಂದೆಯೇ ಬಿಳಿ ಸೀರೆಯ ಹೆಂಗಸೂ ಬಂದಳು. ಕ್ಯಾಬ್ ಓಡಿಸುತ್ತಿದ್ದ ನನ್ನ ಚಿಕ್ಕಪ್ಪನ ಮಗ ಅವಳನ್ನು ಎರಡು ಸಲ ನೋಡಿದ್ದೇನೆ ಎಂದು ಆಣೆ ಇಟ್ಟು ಹೇಳಿದಾಗ, ಅವಳ ಫ್ಲೈಟ್ ಎಷ್ಟು ಹೊತ್ತಿಗಂತೆ ಎಂದು ಕೇಳಿ ಎಲ್ಲರ ಮುಂದೆ ಅವನ ಮುಖ ಸಣ್ಣ ಮಾಡಿದ್ದೆ. ಅವನು ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ. ಈಗ ನಾನು ಹೇಳಹೊರಟಿರುವುದನ್ನು ಅವನಿಗೆ ಮಾತ್ರ ಇನ್ನೂ ಹೇಳಿಲ್ಲ. ಹೇಳಿದರೆ ಅವನು ಏನು ಕೇಳುತ್ತಾನೆಂದು ನನಗೆ ಗೊತ್ತು.

ನನ್ನ ಉದ್ಯೋಗವೂ ಅಂಥದ್ದೇ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಅಲ್ಲಿ ತಯಾರಾದ ಸಾಮಾನನ್ನು ಅಳೆದು ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕೆ ಎಸೆಯುತ್ತಿದ್ದೆ. ಅಳತೆಗೆ ಸಿಗದ್ದು ಯಾವುದೂ ಇಲ್ಲ ಎಂಬ ಜಂಬ ಆ ಕೆಲಸ ಮಾಡುವವರಿಗೆಲ್ಲ ಒಂದಷ್ಟು ಇರುತ್ತದೆ. ನನಗೆ ತುಸು ಜಾಸ್ತಿಯೇ ಇತ್ತು.

ಏರ್‌ಪೋರ್ಟ್ ಶುರುವಾದ ಒಂದೆರಡು ವರ್ಷಕ್ಕೆ, ನಮ್ಮ ಕಾರ್ಖಾನೆಯ ಜೊತೆಗಾರಿಕೆಯಲ್ಲಿದ್ದ ಜಪಾನಿನ ಕಂಪನಿಗೆ ಮೂರು ತಿಂಗಳ ತರಬೇತಿಗೆಂದು ನನ್ನನ್ನು ಕಳಿಸಿದರು. ಆ ದೇಶದ ದಕ್ಷಿಣಕ್ಕೆ ಕ್ಯೂಶೂ ಎಂಬ ದ್ವೀಪ. ಅಲ್ಲೊಂದು ಸಣ್ಣ ಊರು. ಅಲ್ಲಿ ನನಗೆ ಕೆಲಸ ಕಲಿಸಿದವರು ನಿಶಿದಾ ಎಂಬ ಫೋರ್‌ಮನ್. ನಿವೃತ್ತಿಗೆ ಹತ್ತಿರವಾಗಿದ್ದ, ಒಣಗಿದ ಮೈಯ, ಮಾತು ಕಡಿಮೆಯ ಮನುಷ್ಯ. ಅವರದೂ ನನ್ನದೂ ಮುರುಕು ಇಂಗ್ಲಿಷೇ ಆದ್ದರಿಂದ ಒಬ್ಬರದು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ನಿಶಿದಾ ಅವರಿಗೆ ಒಂದೇ ಒಂದು ಹುಚ್ಚು, ಬೆಟ್ಟ ಹತ್ತುವುದು. ಅದರಲ್ಲೂ ಯುಫು ಎಂಬ ಬೆಟ್ಟವನ್ನು ಹುಡುಗನಾಗಿದ್ದಾಗಿನಿಂದ ಪ್ರತಿ ವರ್ಷ ಹತ್ತುತ್ತಿದ್ದರಂತೆ. ಒಂದು ಭಾನುವಾರ ನನ್ನನ್ನೂ ಹೊರಡಿಸಿದರು. ಬಸ್ಸಿನಿಂದ ಇಳಿದಾಗ ಎದುರಿಗೆ ದೊಡ್ಡ ಹುಲ್ಲುಗಾವಲು, ಅದರಾಚೆ ಆ ಬೆಟ್ಟ. ತುದಿಯಲ್ಲಿ ಎತ್ತಿನ ಕೊಂಬುಗಳ ಹಾಗೆ ಎರಡು ಶಿಖರ. ಒಂದು ಕಾಲದಲ್ಲಿ ಬೆಂಕಿ ಉಗುಳಿದ ಬೆಟ್ಟ ಎಂದು ಅವರು ಹೇಳಿದ್ದರಿಂದ ನಾನು ಹೊಗೆ ಹುಡುಕಿದೆ. ಹೊಗೆ ಕಂಡದ್ದು ಕೆಳಗಿನ ಊರಿನ ಬಿಸಿನೀರಿನ ಸ್ನಾನದ ಮನೆಗಳಲ್ಲಿ. ದಾರಿ ಶುರುವಾಗುವಲ್ಲಿ ಒಂದು ಪೆಟ್ಟಿಗೆ, ಒಳಗೊಂದು ಪುಸ್ತಕ. ಹತ್ತುವವರು ಅದರಲ್ಲಿ ಹೆಸರು ಬರೆದು ಹೋಗಬೇಕು. ನಿಶಿದಾ ನಮ್ಮಿಬ್ಬರ ಹೆಸರನ್ನೂ ಬರೆದರು. ಆ ದಿನದ ಹಾಳೆಯಲ್ಲಿ ನಮಗಿಂತ ಮೊದಲು ಬರೆದಿದ್ದವರು ಇಬ್ಬರೇ, ಒಬ್ಬ ಗಂಡ, ಒಬ್ಬ ಹೆಂಡತಿ. ಅವರು ಇಳಿದು ಬರುತ್ತಾ ಕಾಡಿನ ದಾರಿಯಲ್ಲೇ ನಮಗೆ ಎದುರಾಗಿ, ತಲೆ ಬಾಗಿಸಿ ಹೋದರು.

ಕಾಡು ಮುಗಿದ ಮೇಲೆ ಹಾವಿನ ಹಾಗೆ ಸುತ್ತಿ ಸುತ್ತಿ ಏರುವ ದಾರಿ. ದಾರಿಯುದ್ದಕ್ಕೂ ಅಲ್ಲಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಗುಪ್ಪೆಗಳನ್ನು ಮಾಡಿದ್ದರು. ನನಗೆ ಅದನ್ನು ನೋಡಿ ಬಹಳ ಖುಷಿಯಾಯಿತು. ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಶಿವಗಂಗೆಗೋ ಇನ್ನಾವುದೋ ಬೆಟ್ಟದ ದೇವರಿಗೋ ಹೋದವರು ದಾರಿಯ ಪಕ್ಕ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಟೆ ಕಲ್ಲು ಹೊದಿಸಿ ಮನೆ ಕಟ್ಟುತ್ತಾರೆ. ನಮಗೂ ಒಂದು ಸ್ವಂತ ಮನೆ ಆಗಲಿ ಎಂಬ ಬೇಡಿಕೆ ಅದು. ಪಾಪ, ಈ ದೇಶದವರಿಗೂ ಮನೆಯ ಚಿಂತೆ ತಪ್ಪಿದ್ದಲ್ಲ ಎಂದುಕೊಂಡೆ. ನಿಶಿದಾ ಅವರನ್ನು ಕೇಳಲಿಲ್ಲ. ಕೇಳುವುದಕ್ಕೆ ಏನಿತ್ತು, ನೋಡಿದರೆ ತಿಳಿಯುತ್ತದಲ್ಲ ಎಂಬ ಧೈರ್ಯ.

ಎರಡು ಶಿಖರಗಳ ನಡುವಿನ ತಗ್ಗಿಗೆ ಬಂದೆವು. ಅಲ್ಲೊಂದು ಮರದ ಫಲಕ. ಬಲಕ್ಕೆ ಹೋದರೆ ಪೂರ್ವದ ಶಿಖರ, ದಾರಿ ಸುಲಭ. ಎಡಕ್ಕೆ ಪಶ್ಚಿಮದ ಶಿಖರ, ಬಂಡೆಗೆ ಬಿಗಿದ ಸರಪಳಿ ಹಿಡಿದು ಹತ್ತಬೇಕು. ಪೂರ್ವದ್ದನ್ನು ಇಬ್ಬರೂ ಹತ್ತಿ ಇಳಿದೆವು. ಸರಪಳಿ ನೋಡಿದಾಗ ಮಾತ್ರ ನಾನು ಬರುವುದಿಲ್ಲ ಎಂದೆ. ನಿಶಿದಾ ನಗಲಿಲ್ಲ. ಫಲಕದ ಹತ್ತಿರ ನಿಲ್ಲಿಸಿ, ಒಂದು ಗಂಟೆಯೊಳಗೆ ಬರುತ್ತೇನೆ, ಮಂಜು ಬರಬಹುದು, ಇಲ್ಲಿಂದ ಹತ್ತು ಹೆಜ್ಜೆಯೂ ಕದಲಬೇಡ ಎಂದು ಎರಡು ಸಲ ಹೇಳಿ ಹೋದರು.

ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆಮೇಲೆ ಬೇಜಾರಾಯಿತು. ಆಗ ನೆನಪಾದದ್ದು ಅಮ್ಮ. ನಾವಿದ್ದದ್ದು ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ. ಅಪ್ಪ ಹೋದ ಮೇಲೆ ಅಮ್ಮ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ, ಕುದಿನೀರಿನ ಬಾಣಲೆಯ ಮುಂದೆ ಕೂತು ಗೂಡಿನಿಂದ ಎಳೆ ತೆಗೆದು ನನ್ನನ್ನು ಓದಿಸಿದವಳು. ಹುಟ್ಟಿದಾಗಿನಿಂದ ಅವಳು ಬಾಡಿಗೆ ಮನೆ ಬಿಟ್ಟು ಬೇರೆ ಮನೆ ಕಂಡಿಲ್ಲ. ಏರ್‌ಪೋರ್ಟ್ ಬಂದ ಮೇಲಂತೂ ನಮ್ಮ ಕಡೆ ಸೈಟು ಎನ್ನುವುದು ನಮ್ಮಂಥವರು ನಿಂತು ನೋಡುವ ವಸ್ತುವಾಯಿತು. ಕಟ್ಟೋಣ ಎನಿಸಿತು. ಫಲಕದಿಂದ ಇಪ್ಪತ್ತು ಹೆಜ್ಜೆ ಆಚೆ ಸ್ವಲ್ಪ ಸಮತಟ್ಟಾದ ಜಾಗವಿತ್ತು. ಅಲ್ಲಿ ಹೋಗಿ ಒಳ್ಳೊಳ್ಳೆ ಕಲ್ಲು ಆರಿಸಿ ಮನೆ ಕಟ್ಟಿದೆ. ಆಸೆಗೇನು ಬಡತನ, ಮೂರು ಅಂತಸ್ತು ಏರಿಸಿದೆ. ಅಮ್ಮನಿಗೆ ಒಂದು ಮನೆ ಆಗಲಿ ಎಂದು ಕೈ ಮುಗಿದೆ. ದೇವರು, ದೆವ್ವ ಎರಡನ್ನೂ ನಂಬದ ನಾನು ಅದೇಕೆ ಕೈ ಮುಗಿದೆನೋ ನನಗೂ ಗೊತ್ತಿಲ್ಲ.

ಕಟ್ಟಿ ಮುಗಿಸುವಷ್ಟರಲ್ಲಿ ಮಂಜು ಬಂತು. ನಮ್ಮ ನಂದಿಬೆಟ್ಟದ ಮಂಜು ನೋಡಿದ್ದೇನೆ, ಇದು ಅದಲ್ಲ. ಚಾಚಿದ ಕೈಯ ಬೆರಳು ಕಾಣಲಿಲ್ಲ. ಜೊತೆಗೆ ಮೂಳೆ ಕೊರೆಯುವ ಗಾಳಿ. ಕಾಲಿನಲ್ಲಿ ತಡವುತ್ತಾ ಫಲಕಕ್ಕೆ ಮರಳಿದೆ. ಹದಿನೈದು ನಿಮಿಷ ಹೇಗೋ ತಡೆದುಕೊಂಡೆ. ಆಮೇಲೆ ಹತ್ತಿ ಬಂದ ದಾರಿಯಲ್ಲೇ ನಾಲ್ಕು ತಿರುವು ಇಳಿದು, ಒಂದು ದೊಡ್ಡ ಬಂಡೆಯ ಮರೆಯಲ್ಲಿ ಮುದುಡಿ ಕೂತೆ. ಕದಲಬೇಡ ಎಂದಿದ್ದು ನೆನಪಿತ್ತು. ಅವರು ಇಳಿದು ಬಂದರೆ ಇದೇ ದಾರಿಯಲ್ಲಿ ತಾನೇ ಬರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ಗಂಟೆ ಕಳೆಯಿತು, ಒಂದೂವರೆಯಾಯಿತು. ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ನನಗೆ ಭಯ ಶುರುವಾಗುವ ಹೊತ್ತಿಗೆ ಮೇಲಿಂದ ಕಲ್ಲು ಉರುಳಿದ ಸದ್ದಾಗಿ ನಿಶಿದಾ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಮೊಣಕಾಲು, ಅಂಗೈ ಎಲ್ಲ ಮಣ್ಣು. ನನ್ನನ್ನು ನೋಡಿದ್ದೇ ಎರಡೂ ಭುಜ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. ಆಮೇಲೆ, ಮೇಲೆ ಒಬ್ಬ ಹೆಂಗಸು ಇದ್ದಾಳೆ, ನಿಮ್ಮ ದೇಶದ ಹೆಂಗಸು, ಎಂದರು.

ಅವರು ತುಂಡು ತುಂಡಾಗಿ ಹೇಳಿದ್ದನ್ನು ಜೋಡಿಸಿ ಹೇಳುತ್ತೇನೆ. ಪಶ್ಚಿಮದ ಶಿಖರದಿಂದ ಇಳಿದು ಫಲಕದ ಹತ್ತಿರ ಬಂದು, ಮಂಜಿನಲ್ಲಿ ಆ ಕಲ್ಲುಗಳ ಕಡೆ ಹೋದರಂತೆ. ಕಲ್ಲು ದಾಟಿ ಇನ್ನೇನು ಮುಂದೆ ಕಾಲಿಡಬೇಕು, ಆ ಹೆಂಗಸು ಎದುರಿಗೆ ಎರಡೂ ಕೈ ಅಡ್ಡ ಚಾಚಿ ನಿಂತಿದ್ದಳು. ಬರಿಗಾಲು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಮೂಗಿನ ಎರಡೂ ಕಡೆ ಹೊಳೆಯುವ ಬೊಟ್ಟು. ಅವಳ ಬೆರಳ ತುದಿಗಳನ್ನು ನಿಶಿದಾ ತಮ್ಮ ಬೆರಳು ತೋರಿಸಿ ವರ್ಣಿಸಿದರು: ಬಹಳ ಕಾಲ ನೀರಿನಲ್ಲಿ ಬೆಂದ ಹಾಗೆ ಬೆಳ್ಳಗೆ ಊದಿ, ಚರ್ಮ ಬಿರಿದಿತ್ತಂತೆ. ಅವಳು ಏನೋ ಹೇಳಿದಳು. ಇವರಿಗೆ ತಿಳಿಯಲಿಲ್ಲ. ಅದನ್ನೇ ಇನ್ನೊಮ್ಮೆ, ಮತ್ತೊಮ್ಮೆ ಹೇಳಿದಳು. ಆಮೇಲೆ ಬಗ್ಗಿ ಆ ಕಲ್ಲುಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಇವರು ಹಿಂದೆ ಹಿಂದೆ ಸರಿದು ಫಲಕ ಮುಟ್ಟಿದಾಗ ಅಲ್ಲಿ ಯಾರೂ ಇರಲಿಲ್ಲ.

ನಾನು ನಗಬೇಕಿತ್ತು. ಅಷ್ಟರಲ್ಲಿ ನಿಶಿದಾ ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. ಮರೆತುಹೋಗದಿರಲಿ ಎಂದು ಫಲಕದ ಹತ್ತಿರವೇ ಕೂತು, ಅವಳ ಮಾತಿನ ಸದ್ದನ್ನು ತಮ್ಮ ಅಕ್ಷರದಲ್ಲಿ ಬರೆದುಕೊಂಡಿದ್ದರು. ನಿಧಾನವಾಗಿ, ಅಕ್ಷರ ಅಕ್ಷರ ಒಡೆದು ಓದಿದರು.

"ಅವ್ನು ಈ ಕಡೀಕೆ ಬಂದಿಲ್ಲ ಕಣಪ್ಪ. ಕೆಳಗವ್ನೆ. ನೀನು ವಾಪಸ್ ಹೋಗು."

ಅವರ ಬಾಯಿಗೆ ಬಾರದ ಅಕ್ಷರಗಳು ಒಂದೆರಡು ಅತ್ತಿತ್ತ ಆಗಿದ್ದವು, ಅಷ್ಟೇ. ಆ ಮನುಷ್ಯನಿಗೆ ಕನ್ನಡದ ಒಂದು ಪದ ಬರುತ್ತಿರಲಿಲ್ಲ. ಅವರೆದುರು ನಾನು ಕನ್ನಡ ಆಡಿದವನೂ ಅಲ್ಲ. ಆಡುವುದಕ್ಕೆ ಅಲ್ಲಿ ಯಾರಿದ್ದರು? ಇನ್ನು 'ಈ ಕಡೀಕೆ' ಎನ್ನುವುದು ಬೆಂಗಳೂರಿನವರೇ ಬಿಟ್ಟ ಮಾತು. ಅದು ನಮ್ಮ ಕಡೆಯ ಹಳ್ಳಿಯ ಹೆಂಗಸರ ಮಾತು.

ಏನೆಂದಳು ಆಕೆ, ಎಂದು ನಿಶಿದಾ ಕೇಳಿದರು. ನನಗೆ ತಿಳಿಯಲಿಲ್ಲ ಎಂದುಬಿಟ್ಟೆ. ನಮ್ಮ ದೇಶದಲ್ಲಿ ಬಹಳ ಭಾಷೆಗಳಿವೆ, ಇದು ನನ್ನದಲ್ಲ ಎಂದೂ ಸೇರಿಸಿದೆ. ಹೆದರಿಕೆಯಿಂದ ಹೇಳಿದ ಸುಳ್ಳು.

ನೀರಿನ ಬಾಟಲಿ ಮೇಲೆ ಬಿಟ್ಟು ಬಂದಿದ್ದೇನೆ ಎಂದು ಇನ್ನೊಂದು ಸುಳ್ಳು ಹೇಳಿ ಒಬ್ಬನೇ ಮೇಲಕ್ಕೆ ಹೋದೆ. ಮಂಜು ತೆಳುವಾಗುತ್ತಿತ್ತು. ನಾನು ಕಟ್ಟಿದ ಮನೆ ಅಲ್ಲಿರಲಿಲ್ಲ. ಗಾಳಿಗೆ ಬಿದ್ದಿದ್ದರೆ ಕಲ್ಲು ಚೆಲ್ಲಾಪಿಲ್ಲಿಯಾಗಿರಬೇಕಿತ್ತು. ತೊಳೆದ ಪಾತ್ರೆ ಬೋರಲು ಹಾಕಿದ ಹಾಗೆ ಅವನ್ನೆಲ್ಲ ಒಂದೇ ಸಾಲಿನಲ್ಲಿ, ಅಡ್ಡಕ್ಕೆ, ಒತ್ತಾಗಿ ಯಾರೋ ಇಟ್ಟಿದ್ದರು. ಸಾಲಿನಾಚೆ ಏನಿದೆ ಎಂದು ನೋಡಿದೆ. ಎಂಟು ಹತ್ತು ಹೆಜ್ಜೆ ಇಳಿಜಾರು, ಆಮೇಲೆ ನೆಲವೇ ಇಲ್ಲ. ಕೆಳಗೆ, ಎಷ್ಟೋ ಕೆಳಗೆ, ಮರದ ತುದಿಗಳು. ನಾನು ಕೂತುಬಿಟ್ಟೆ. ಎದ್ದು ನಿಲ್ಲಲು ಧೈರ್ಯವಾಗದೆ ಕೂತಲ್ಲೇ ಹಿಂದಕ್ಕೆ ಜರುಗುತ್ತಾ ಫಲಕದವರೆಗೆ ಬಂದೆ.

ಇಳಿಯುವಾಗ ನಿಶಿದಾ ದಾರಿಬದಿಯ ಒಂದು ಕಲ್ಲಿನ ಗುಪ್ಪೆಯ ಮೇಲೆ ಕೈಯಿಟ್ಟು, ಇದು ನಮಗೆ ಬಹಳ ಮುಖ್ಯ, ಮಂಜಿನಲ್ಲಿ ಇದೇ ದಾರಿ ತೋರಿಸುತ್ತದೆ ಎಂದರು. ಬಹುಶಃ ಮಾತು ಬದಲಿಸಲು ಹೇಳಿದ್ದಿರಬೇಕು. ನನಗೆ ಮಾತ್ರ ಎದೆಗೆ ಒದ್ದ ಹಾಗಾಯಿತು. ಅವು ಮನೆಗಳಲ್ಲ, ಗುರುತುಗಳು. ಗುರುತಿನ ಬೆಟ್ಟದಲ್ಲಿ ನಾನು ಪ್ರಪಾತದ ಅಂಚಿಗೆ ಒಂದು ಗುರುತು ಕಟ್ಟಿದ್ದೆ. ಅದನ್ನು ನಂಬಿ ಈ ಮನುಷ್ಯ ಸಾವಿನ ಕಡೆ ಹೆಜ್ಜೆ ಹಾಕಿದ್ದರು. ಆಗಲೇ ಹೇಳಿಬಿಡಬೇಕಿತ್ತು. ದಾರಿಯ ಬುಡಕ್ಕೆ ಬಂದಾಗ ಪೆಟ್ಟಿಗೆ ತೆರೆದು ಪುಸ್ತಕ ನೋಡಿದೆವು. ನಮ್ಮ ಹೆಸರಿನ ಕೆಳಗೆ ಯಾರೂ ಬರೆದಿರಲಿಲ್ಲ.

ಸಂಜೆ ಅಮ್ಮನಿಗೆ ಫೋನು ಮಾಡಿದೆ. ಅವಳು ದಿನವಿಡೀ ಘಟಕದಲ್ಲೇ ಇದ್ದಳು. ಕನಸಿಲ್ಲ, ಕನವರಿಕೆ ಇಲ್ಲ, ಎಡಗಣ್ಣು ಅದುರಿರಲಿಲ್ಲ. ಅಲ್ಲಿ ಅನ್ನ ಸಿಗುತ್ತದೆಯೇ ಎಂದು ವಿಚಾರಿಸಿದಳು. ಆ ಬೆರಳುಗಳ ವಿಷಯ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅವಳೇ. ಆದರೆ ವಿಜಯಪುರದ ಓಣಿಗಳಲ್ಲಿ ಅಂಥ ಬೆರಳಿನ ಹೆಂಗಸರು ನೂರಾರು.

ಆಮೇಲಿನ ವರ್ಷಗಳಲ್ಲಿ ನಾನು ಇದನ್ನು ಎಲ್ಲ ಕಡೆಯಿಂದಲೂ ಅಳೆದು ನೋಡಿದೆ. ಕಲ್ಲುಗಳನ್ನು ನಿಶಿದಾ ಅವರೇ ಇಳಿಸಿಟ್ಟಿರಬಹುದಲ್ಲ ಎಂದು ನೀವು ಕೇಳಬಹುದು. ಇಟ್ಟಿರಬಹುದು. ಹೆಂಗಸನ್ನು ಮಂಜಿನಲ್ಲಿ ಕಲ್ಪಿಸಿಕೊಂಡಿರಬಹುದು. ಅದೂ ಸರಿ. ಮಾತು? ಆ ಮಾತನ್ನು ಎಲ್ಲಿಂದ ತಂದರು? ಇನ್ನೊಂದು ವಿಷಯವೂ ನನ್ನನ್ನು ಕಾಡುತ್ತಿತ್ತು. ಪ್ರಪಾತದ ಅಂಚಿನಲ್ಲಿರುವವನಿಗೆ ಅಲ್ಲಿ ಹಳ್ಳ ಐತೆ, ಹೋಗಬೇಡ ಎನ್ನಬೇಕಲ್ಲ? 'ಅವ್ನು ಈ ಕಡೀಕೆ ಬಂದಿಲ್ಲ' ಎಂದರೆ ಏನರ್ಥ? ಅವನು ಎಂದರೆ ಯಾರು? ಆ ವಾಕ್ಯ ಯಾವ ಜಾಗಕ್ಕೂ ಕೂರಲಿಲ್ಲ.

ಆರು ವರ್ಷದ ಮೇಲೆ ನಿಶಿದಾ ಬಂದರು. ನಿವೃತ್ತರಾಗಿದ್ದ ಅವರನ್ನು ನಮ್ಮ ಕಾರ್ಖಾನೆಯವರು ಒಂದು ತಿಂಗಳ ಮಟ್ಟಿಗೆ ಕರೆಸಿದ್ದರು. ಏರ್‌ಪೋರ್ಟಿಗೆ ಹೋಗಿ ಕರೆತಂದವನು ನಾನೇ. ಭಾನುವಾರ ನಿಮ್ಮ ತಾಯಿಯನ್ನು ನೋಡಬೇಕು ಎಂದು ಅವರೇ ಕೇಳಿದರು. ನಾವು ಆಗಲೂ ವಿಜಯಪುರದ ಅದೇ ಬಾಡಿಗೆ ಮನೆಯಲ್ಲಿದ್ದೆವು. ಕರೆದುಕೊಂಡು ಹೋಗುವಾಗ ನನಗೆ ಒಂದೇ ಯೋಚನೆ. ಅಮ್ಮನನ್ನು ನೋಡಿ ಇವಳೇ ಎಂದುಬಿಟ್ಟರೆ ಏನು ಮಾಡುವುದು?

ಅಮ್ಮ ಕಾಫಿ ತಂದುಕೊಟ್ಟಳು. ನಿಶಿದಾ ಲೋಟ ತೆಗೆದುಕೊಳ್ಳುತ್ತಾ ಅವಳ ಕೈಯನ್ನೇ ನೋಡಿದರು, ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಇಲ್ಲ ಎಂಬಂತೆ ತಲೆಯಾಡಿಸಿದರು. ಬೆರಳು ಇದೇ, ಮುಖ ಬೇರೆ, ಆಕೆ ಇನ್ನೂ ಎತ್ತರ ಎಂದು ಮೆಲ್ಲಗೆ ಹೇಳಿದರು. ಅವರು ನನ್ನನ್ನೇನು ಹಂಗೆ ನೋಡಿದ್ದು ಎಂದು ಅಮ್ಮ ಕೇಳಿದಳು. ಕಾಫಿ ಚೆನ್ನಾಗಿದೆಯಂತೆ ಎಂದೆ.

ಆಗ ನಿಶಿದಾ ಜೇಬಿನಿಂದ ಅದೇ ಪುಸ್ತಕ ತೆಗೆದರು. ನನಗೆ ಎದ್ದು ಓಡಬೇಕೆನಿಸಿತು. ಅವರು ನನ್ನನ್ನು ಕೇಳಲೇ ಇಲ್ಲ. ನೇರ ಅಮ್ಮನ ಕಡೆ ಕೂತು, ಆರು ವರ್ಷದ ಹಿಂದೆ ಬರೆದುಕೊಂಡಿದ್ದನ್ನು ಓದಿದರು. ಅವ್ನು ಈ ಕಡೀಕೆ ಬಂದಿಲ್ಲ ಕಣಪ್ಪ, ಕೆಳಗವ್ನೆ, ನೀನು ವಾಪಸ್ ಹೋಗು.

ಅಮ್ಮನಿಗೆ ಆಶ್ಚರ್ಯವಾಯಿತೇ ಹೊರತು ಗಾಬರಿಯೇನೂ ಆಗಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ನಮ್ಮಂಗೇ ಮಾತಾಡ್ತಾರಲ್ಲೋ ಇವ್ರು. ಯಾರನ್ನ ಹುಡುಕ್ಕೊಂಡ್ ಹೋಗಿದ್ರಂತೆ, ಕೇಳು."

ನಾನು ಬೆಪ್ಪಾದೆ. ಅಷ್ಟು ವರ್ಷ ತಲೆ ಕೆಡಿಸಿಕೊಂಡವನಿಗೆ ಇದು ಹೊಳೆದಿರಲಿಲ್ಲ. ಅಮ್ಮನಿಗೆ ಕೇಳಿದ ತಕ್ಷಣ ಅದು ಉತ್ತರವೆಂದು ತಿಳಿಯಿತು. ಯಾರೋ ಯಾರನ್ನೋ ಹುಡುಕಿಕೊಂಡು ಬಂದು ಕೇಳಿದ್ದಕ್ಕೆ ಕೊಟ್ಟ ಉತ್ತರ. ತೊದಲುತ್ತಾ ನಿಶಿದಾ ಅವರನ್ನು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ನಿನ್ನನ್ನೇ, ಎಂದರು.

ಆ ದಿನ ಪಶ್ಚಿಮದ ಶಿಖರದಲ್ಲಿದ್ದಾಗ, ಮಂಜು ಮುಚ್ಚುವ ಸ್ವಲ್ಪ ಮೊದಲು, ನಾನು ಬಗ್ಗಿ ಕಲ್ಲು ಜೋಡಿಸುತ್ತಿದ್ದದ್ದು ಅವರಿಗೆ ಕಂಡಿತ್ತಂತೆ. ಅಲ್ಲಿಂದಲೇ ಕೂಗಿದ್ದಾರೆ, ನನಗೆ ಕೇಳಿಸಿಲ್ಲ. ಇಳಿದು ಬಂದರೆ ಫಲಕದ ಹತ್ತಿರ ನಾನಿಲ್ಲ. ನಾನು ಆ ಕಡೆಯೇ ಹೋಗಿ ಜಾರಿರಬೇಕೆಂದು ನನ್ನ ಹೆಸರು ಕೂಗುತ್ತಾ ಕಲ್ಲು ದಾಟಿದ್ದಾರೆ. ಆ ಕಲ್ಲು ದಾರಿಯ ಗುರುತಲ್ಲವೆಂದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. ನಲವತ್ತು ವರ್ಷ ಹತ್ತಿದ ಬೆಟ್ಟ, ಅಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲವೇ, ಎಂದರು. ಪ್ರಪಾತವಿದೆ ಎಂದು ಗೊತ್ತಿದ್ದೇ ಹೋಗಿದ್ದರು. ಕರೆದುಕೊಂಡು ಬಂದವನು ನಾನು, ನಿನ್ನ ತಾಯಿಗೆ ಏನು ಹೇಳಲಿ ಎನಿಸಿತು ಎಂದರು. ಅವತ್ತೇ ಏಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನಿನ್ನನ್ನು ಬೈದ ಹಾಗಾಗುತ್ತಿತ್ತು ಎಂದು ಕಾಫಿ ಕುಡಿದರು.

ನಾನು ಅತ್ತೆ. ಅಮ್ಮ ಗಾಬರಿಯಾಗಿ ಏನಾಯಿತೋ ಎಂದು ಬೆನ್ನು ಸವರಿದಳು. ಆಗ ಎಲ್ಲವನ್ನೂ, ಕಲ್ಲಿನ ಮನೆಯಿಂದ ಹಿಡಿದು ನಾನು ಹೇಳಿದ ಸುಳ್ಳಿನವರೆಗೆ, ಅವಳಿಗೆ ಕನ್ನಡದಲ್ಲೂ ಅವರಿಗೆ ಇಂಗ್ಲಿಷಿನಲ್ಲೂ ಹೇಳಿದೆ. ಅಮ್ಮ ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿ ಕೂತಳು. ಬಹಳ ಹೊತ್ತು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಎತ್ತರದ, ಎರಡೂ ಕಡೆ ಮೂಗುತಿಯ ಹೆಂಗಸು ಯಾರಾದರೂ ನೆನಪಾಗುತ್ತಾರಾ ಎಂದು ಕೇಳಿದೆ. ಇಲ್ಲ ಎಂದಳು.

ಆಮೇಲೆ ಅವಳು ನನ್ನನ್ನು ಒಂದೇ ಮಾತು ಕೇಳಿದಳು.

"ಅಲ್ಲಾ ಮಗ, ಅವ್ರು ಅಷ್ಟು ಕೂಗಿದ್ದು ನಿಂಗೇ ಕೇಳಿಸ್ಲಿಲ್ಲ. ನೀನು ಕೆಳಗಿದ್ದೀಯಾ ಅಂತ ಆಯಮ್ಮಂಗೆ ಯಾರು ಹೇಳಿದ್ರು?"

ನಿಶಿದಾ ಅವರು ನನ್ನ ಮುಖ ನೋಡಿದರು. ಈ ಪ್ರಶ್ನೆಯನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡರು. ಇದನ್ನು ಓದಿದ ನಿಮಗೇನಾದರೂ ತಿಳಿದರೆ ಹೇಳಿ. ನನಗೆ ಇವತ್ತಿನವರೆಗೆ ತಿಳಿದಿಲ್ಲ.